ನೇಪಾಳ: ಬಂದೂಕು ಕೆಳಗಿಡಿಸಿದವರಿಗೆ ದೇಶ ಕಟ್ಟೋಕೆ ಯಾಕೆ ಆಗಲಿಲ್ಲ?

ಮಲ್ಲೇಶ್ವರಂ_ಓದುಗ

2025ರ ಸೆಪ್ಟೆಂಬರ್‌ನಲ್ಲಿ ಕಠ್ಮಂಡುವಿನ ಸಿಂಹ ದರ್ಬಾರ್ (ಅಲ್ಲಿನ ಸರ್ಕಾರದ ಮುಖ್ಯ ಕಚೇರಿ) ಹೊತ್ತಿ ಉರಿದಾಗ ನಮ್ಮ ಟೀವಿಯವರೆಲ್ಲ "ಸೋಷಿಯಲ್ ಮೀಡಿಯಾ ಬ್ಯಾನ್ ಮಾಡಿದ್ದಕ್ಕೆ ಹುಡುಗರ ಸಿಟ್ಟು" ಅಂತ ಎರಡು ಮಾತಲ್ಲಿ ಮುಗಿಸಿಬಿಟ್ರು. ನನಗೆ ಅದು ಗಂಟಲಲ್ಲಿ ಇಳೀಲಿಲ್ಲ. ಆವಾಗಿನಿಂದ ಸಿಕ್ಕಿದ್ದೆಲ್ಲ ಓದ್ತಾ ಇದ್ದೀನಿ.

ಗೊತ್ತಿಲ್ಲದವರಿಗೆ ಚಿಕ್ಕದಾಗಿ: 1996ರ ಫೆಬ್ರವರಿ 13ಕ್ಕೆ ರೋಲ್ಪಾ, ರುಕುಂ, ಗೋರ್ಖಾ, ಸಿಂಧುಲಿ ಕಡೆ ಪೊಲೀಸ್ ಚೌಕಿಗಳ ಮೇಲೆ ಮಾವೋವಾದಿಗಳು ದಾಳಿ ಮಾಡಿ "ಜನಯುದ್ಧ" ಶುರು ಮಾಡಿದ್ರು. 2006ರ ನವೆಂಬರ್ 21ಕ್ಕೆ ಪ್ರಧಾನಿ ಗಿರಿಜಾ ಪ್ರಸಾದ್ ಕೊಯಿರಾಲ ಮತ್ತು ಮಾವೋವಾದಿ ನಾಯಕ ಪ್ರಚಂಡ ಕೂತು ಶಾಂತಿ ಒಪ್ಪಂದಕ್ಕೆ ಸಹಿ ಹಾಕಿದ್ರು. ನಡುವೆ ಸತ್ತವರು ಸುಮಾರು 17,000. ಕಾಣೆಯಾದವರು 1,300ಕ್ಕೂ ಹೆಚ್ಚು.

ನನ್ನ ತಲೆ ಕೆಡಿಸಿರೋದು ಆಮೇಲಿನ ಕಥೆ. ಬಂದೂಕು ಕಂಟೇನರ್‌ಗೆ ಹೋಯ್ತು. ಚುನಾವಣೆ ಆಯ್ತು, ಬಂಡಾಯಗಾರರೇ ಗೆದ್ದು ಪ್ರಧಾನಿಯಾದ್ರು. ರಾಜ ಅರಮನೆ ಬಿಟ್ಟು ಸುಮ್ಮನೆ ಎದ್ದುಹೋದ. ಏಳು ಪ್ರಾಂತ್ಯ ಆಯ್ತು, ಹೊಸ ಸಂವಿಧಾನ ಬಂತು. ಯುದ್ಧ ಆದ ದೇಶ ಏನೇನು ಮಾಡಬೇಕು ಅಂತಾರೋ ಅದೆಲ್ಲಾ ಮಾಡಿದ್ದಾರೆ. ಆದ್ರೂ 2008ರಿಂದ ಈಚೆಗೆ ಒಬ್ಬ ಪ್ರಧಾನಿಯೂ ಐದು ವರ್ಷ ಪೂರೈಸಿಲ್ಲ, ಯುದ್ಧದಲ್ಲಿ ಮಕ್ಕಳನ್ನ ಕಳಕೊಂಡವರು ಇನ್ನೂ ಕೋರ್ಟು ಕಚೇರಿ ಅಲೀತಿದ್ದಾರೆ.

ಎಲ್ಲಿ ತಪ್ಪಿತು? ಗೊತ್ತಿರೋರು ಹೇಳಿ. ಬರೀ "ಭಾರತದ ಕೈವಾಡ", "ಚೀನಾದ ಕೈವಾಡ" ಅನ್ನೋ ಉತ್ತರ ಬೇಡ ಪ್ಲೀಸ್.

ದರ್ಶಿನಿ_ಗಲ್ಲಾ

ಬಹಳ ಸಿಂಪಲ್ ಗುರು. ಮೂರು ಜನ ಮುದುಕರು, ಒಂದು ಕುರ್ಚಿ.

ಕರ್ನಾಲಿ_ಇಂಜಿನಿಯರ್

ಮೇಲಿನವರು ತಮಾಷೆಗೆ ಹೇಳಿದ್ರೂ ಅರ್ಧ ಸತ್ಯ ಅದೇ. ಪ್ರಧಾನಿ ಕುರ್ಚಿಗೆ ಓಲಿ, ದೇವುಬಾ, ಪ್ರಚಂಡ ಮೂರೇ ಹೆಸರು ತಿರುಗಿ ತಿರುಗಿ ಬರ್ತಿತ್ತು. ಆದ್ರೆ ಅದಕ್ಕೂ ಮುಂಚಿನ ಆಟ ನೋಡಬೇಕು. 2010ರಲ್ಲಿ ಮಾಧವ್ ನೇಪಾಳ್ ರಾಜೀನಾಮೆ ಕೊಟ್ಟ ಮೇಲೆ ಹೊಸ ಪ್ರಧಾನಿ ಆರಿಸೋಕೆ ಸಂಸತ್ತಲ್ಲಿ 16 ಸಲ ಮತದಾನ ಮಾಡಿ 16 ಸಲವೂ ಯಾರಿಗೂ ಬಹುಮತ ಬರಲಿಲ್ಲ. 17ನೇ ಸಲ, 2011ರ ಫೆಬ್ರವರಿಯಲ್ಲಿ, ಝಲನಾಥ್ ಖನಾಲ್ ಗೆದ್ರು. ಗೆದ್ದು ಎಷ್ಟು ದಿನ ಇದ್ರು? ಅದೇ ಆಗಸ್ಟ್‌ಗೆ ಮನೆಗೆ.

ಆ ಟೈಮಲ್ಲಿ ನಾನು ಪಶ್ಚಿಮ ನೇಪಾಳದಲ್ಲಿ ಒಂದು ಜಲವಿದ್ಯುತ್ ಯೋಜನೆಯ ಸರ್ವೇ ಕೆಲಸದಲ್ಲಿದ್ದೆ. ಸರ್ಕಾರದ ಒಂದು ಸಹಿಗೆ ಕಾಯ್ತಾ ಕೂತಿದ್ದೆವು. ಸಹಿ ಹಾಕಬೇಕಾದ ಕಾರ್ಯದರ್ಶಿ "ಮಂತ್ರಿ ಯಾರು ಅಂತ ಗೊತ್ತಾಗಲಿ, ಆಮೇಲೆ ಬನ್ನಿ" ಅಂತ ಚಹಾ ಕುಡಿಸಿ ಕಳಿಸೋರು. ಒಳ್ಳೆ ಚಹಾ, ಅದನ್ನ ಮಾತ್ರ ಒಪ್ಪಬೇಕು.

ಆದ್ರೆ ಬಂದೂಕಿನ ವಿಷಯ ಅವರು ನಿಭಾಯಿಸಿದ ರೀತಿ ಇದೆಯಲ್ಲ, ಅದು ಅಷ್ಟು ಹಗುರ ಅಲ್ಲ. ಮಾವೋವಾದಿ ಸೈನಿಕರನ್ನ ಏಳು ಮುಖ್ಯ ಶಿಬಿರ, 21 ಉಪಶಿಬಿರದಲ್ಲಿ ಇಟ್ಟರು. ಚುಲಾಚುಲಿ, ಶಕ್ತಿಖೋರ್, ದಶರಥಪುರ, ಹೀಗೆ. ವಿಶ್ವಸಂಸ್ಥೆಯವರು ಒಬ್ಬೊಬ್ಬರನ್ನೇ ಕೂರಿಸಿ ಪರಿಶೀಲನೆ ಮಾಡಿ 19,602 ಜನರನ್ನ ಪಟ್ಟಿ ಮಾಡಿದ್ರು. ಅದರಲ್ಲಿ 3,800ಕ್ಕೂ ಹೆಚ್ಚು ಹೆಣ್ಣುಮಕ್ಕಳು. ಆಯುಧ 3,475. ಅದನ್ನ ಶಿಬಿರದಲ್ಲೇ ಕಂಟೇನರ್‌ನಲ್ಲಿಟ್ಟು ಬೀಗ. ಬೀಗದ ಕೈ ಮಾವೋವಾದಿಗಳ ಹತ್ರ, ಕ್ಯಾಮೆರಾ ಮತ್ತು ಸೈರನ್ ವಿಶ್ವಸಂಸ್ಥೆದು. ಸರ್ಕಾರಿ ಸೇನೆಯೂ ಅಷ್ಟೇ ಸಂಖ್ಯೆಯ ಬಂದೂಕು ತನ್ನ ಬ್ಯಾರಕ್ಕಲ್ಲಿ ಬೀಗ ಹಾಕಿ ಇಡಬೇಕು ಅಂತ ಷರತ್ತು. ಅಂದ್ರೆ ಯಾರೂ ಸೋತಿಲ್ಲ, ಯಾರೂ ಗೆದ್ದಿಲ್ಲ. ಈ ಏರ್ಪಾಡು ತಂದವರಿಗೆ ನಾನು ಕೈ ಮುಗಿಯುತ್ತೀನಿ.

ನಿವೃತ್ತ_ಸುಬೇದಾರ್_ಮಡಿಕೇರಿ

ಸ್ವಲ್ಪ ಸೇರಿಸುತ್ತೇನೆ. ಮೊದಮೊದಲು ವಿಶ್ವಸಂಸ್ಥೆಯ ಸಿಬ್ಬಂದಿ ಬರುವುದು ತಡವಾದಾಗ ಆ ಕಂಟೇನರ್ ಕಾಯಲು ನಿಂತವರು ನೇಪಾಳಿಗಳೇ. ಭಾರತೀಯ ಸೇನೆ ಮತ್ತು ಬ್ರಿಟಿಷ್ ಸೇನೆಯಿಂದ ನಿವೃತ್ತರಾದ ಗೂರ್ಖಾ ಸೈನಿಕರು, ನೂರಕ್ಕೂ ಹೆಚ್ಚು ಜನ. ಎರಡೂ ಕಡೆಯವರಿಗೂ ಅವರ ಮೇಲೆ ನಂಬಿಕೆ ಇತ್ತು. ನನ್ನ ಸರ್ವೀಸಿನಲ್ಲಿ ಗೂರ್ಖಾ ಪಲ್ಟನ್ ಜೊತೆ ಕೆಲಸ ಮಾಡಿದ್ದೇನೆ, ಅದು ಯಾಕೆ ಎಂದು ನನಗೆ ಹೇಳಿಕೊಡಬೇಕಾಗಿಲ್ಲ.

ಆದರೆ ಶಸ್ತ್ರಸಂಖ್ಯೆ ನೋಡಿ. 19,602 ಜನಕ್ಕೆ 3,475 ಆಯುಧ. ಐದಾರು ಜನಕ್ಕೆ ಒಂದು ಬಂದೂಕು. ಯಾವ ಸೇನೆಯೂ ಹಾಗಿರುವುದಿಲ್ಲ.

ದರ್ಶಿನಿ_ಗಲ್ಲಾ

ಸುಬೇದಾರ್ ಸರ್, ಅದಕ್ಕೆ ಉತ್ತರ ಪ್ರಚಂಡನೇ ಕೊಟ್ಟಿದ್ದಾನಲ್ಲ. ಶಕ್ತಿಖೋರ್ ಶಿಬಿರದಲ್ಲಿ ತನ್ನವರ ಮುಂದೆ ಮಾಡಿದ ಭಾಷಣದ ವಿಡಿಯೋ 2009ರಲ್ಲಿ ಹೊರಗೆ ಬಂತು. ನಾವು ಇದ್ದಿದ್ದೇ ಏಳೆಂಟು ಸಾವಿರ, 35 ಸಾವಿರ ಅಂತ ಹೇಳಿದ್ದಕ್ಕೆ ಇಷ್ಟು ಜನ ಪಾಸಾದ್ರು ಅಂತ.

ಹುಬ್ಬಳ್ಳಿ_ಮಂದಿ

ಅಲ್ರೀ, ಹಂಗಾದ್ರ ವಿಶ್ವಸಂಸ್ಥೆಯವ್ರು ಏನ್ ಪರಿಶೀಲನೆ ಮಾಡಿದ್ರು? ಚಹಾ ಕುಡದು ಎದ್ದು ಬಂದ್ರೇನು?

ಕರ್ನಾಲಿ_ಇಂಜಿನಿಯರ್

ಅವರಿಗೆ ಒಪ್ಪಿಸಿದ ಕೆಲಸವೇ ಬೇರೆ ಸರ್. 18 ತುಂಬಿದೆಯಾ, ಕದನವಿರಾಮಕ್ಕಿಂತ ಮೊದಲೇ ಸೇರಿದ್ದಾ, ಇಷ್ಟೇ ನೋಡಬೇಕಿತ್ತು. ಯುದ್ಧ ಮಾಡಿದ್ದಾನಾ ಇಲ್ವಾ ಅಂತ ಅಳೆಯೋ ಕೋಲು ಯಾರ ಹತ್ರ ಇರುತ್ತೆ? ಈ ಎರಡು ಪ್ರಶ್ನೆಯಲ್ಲೇ 4,008 ಜನ ಫೇಲಾದ್ರು. ಅದರಲ್ಲಿ 2,973 ಮಂದಿ ಸೇರುವಾಗ ಮಕ್ಕಳು.

ಕಾನೂನು_ಕಲಿಯುವವಳು

ಆ 4,008 ಜನರ ಹತ್ತಿರ ಸ್ವಲ್ಪ ನಿಲ್ಲೋಣ, ಎಲ್ಲರೂ ಅವರನ್ನ ದಾಟಿ ಮುಂದೆ ಹೋಗ್ತಾರೆ.

ಹದಿಮೂರು ಹದಿನಾಲ್ಕು ವರ್ಷಕ್ಕೆ ಶಾಲೆಯಿಂದ ಎದ್ದು ಹೋದವರು. ಶಿಬಿರದಲ್ಲಿ ಮೂರು ವರ್ಷ ಕೂರಿಸಿ, 2010ರ ಜನವರಿ–ಫೆಬ್ರವರಿಯಲ್ಲಿ "ನೀವು ಅನರ್ಹರು" ಅಂತ ಕಾಗದ ಕೊಟ್ಟು ಕಳಿಸಿದ್ರು. ಉಳಿದವರಿಗೆ ಆಮೇಲೆ ಶ್ರೇಣಿಯ ಪ್ರಕಾರ 5ರಿಂದ 8 ಲಕ್ಷ ನೇಪಾಳಿ ರೂಪಾಯಿ ಚೆಕ್ ಸಿಕ್ತು. ಇವರಿಗೆ ಸಿಕ್ಕಿದ್ದು ತರಬೇತಿಯ ಆಯ್ಕೆ: ಹೊಲಿಗೆ, ಮೊಬೈಲ್ ರಿಪೇರಿ, ಸಣ್ಣ ವ್ಯಾಪಾರ, ಇಲ್ಲಾ ಶಾಲೆಗೆ ವಾಪಸ್. ಸೈನಿಕ ಅಂತ ಮನ್ನಣೆ ಇಲ್ಲ, ಸಂತ್ರಸ್ತ ಅಂತಲೂ ಇಲ್ಲ. ಊರಿಗೆ ಹೋದ್ರೆ ಯಾರ ಮನೆಯಿಂದ ಅಕ್ಕಿ ಕಿತ್ಕೊಂಡಿದ್ರೋ ಅವರೇ ಪಕ್ಕದ ಮನೆಯವರು. ಅಂತರ್ಜಾತಿ ಮದುವೆ ಆಗಿದ್ದ ಹುಡುಗಿಯರನ್ನ ಗಂಡನ ಮನೆಯೂ ಸೇರಿಸಲಿಲ್ಲ, ತವರೂ ಸೇರಿಸಲಿಲ್ಲ.

ಮಾಜಿ ಬಾಲಸೈನಿಕರು ತಮ್ಮ ನಾಯಕರ ಮೇಲೇ ಸುಪ್ರೀಂ ಕೋರ್ಟಿಗೆ ಹೋದ್ರು ಅನ್ನೋದನ್ನೂ ಗಮನಿಸಿ.

ನಿವೃತ್ತ_ಸುಬೇದಾರ್_ಮಡಿಕೇರಿ

ಅಮ್ಮಾ, ಮಕ್ಕಳ ವಿಷಯದಲ್ಲಿ ನಿಮ್ಮ ಮಾತಿಗೆ ಎದುರಿಲ್ಲ. ಆದರೆ ಅರ್ಹರಾದವರ ಕಥೆಯೂ ಏನಾಯಿತು ನೋಡಿ. 2011ರ ನವೆಂಬರ್ 1ರ ಏಳು ಅಂಶಗಳ ಒಪ್ಪಂದದಲ್ಲಿ 6,500 ಜನರವರೆಗೆ ನೇಪಾಳಿ ಸೇನೆಗೆ ಸೇರಿಸಿಕೊಳ್ಳಬಹುದು ಎಂದಾಯಿತು. ಮೊದಲ ಸುತ್ತಿನಲ್ಲಿ 9,705 ಜನ "ಸೇನೆಗೆ ಸೇರುತ್ತೇವೆ" ಎಂದರು. ಪುನರ್ವಸತಿ ಆರಿಸಿಕೊಂಡವರು ಎಷ್ಟು ಗೊತ್ತೇ? 6 ಜನ. ಸಾವಿರ ಅಲ್ಲ, ಆರೇ ಜನ. ಕೊನೆಗೆ ಸೇನೆ ಸೇರಿದವರು ಸುಮಾರು 1,400. ಉಳಿದವರೆಲ್ಲ ಚೆಕ್ ತೆಗೆದುಕೊಂಡು ಹೊರಟರು.

ಯಾಕೆಂದರೆ ಸೇನೆ ಶಿಕ್ಷಣ, ವಯಸ್ಸು, ಎತ್ತರ ಎಂದು ಮಾನದಂಡ ಇಟ್ಟಿತು. ಸ್ವಲ್ಪ ಸಡಿಲಿಸಿದರು, ಆದರೂ ಬೆಟಾಲಿಯನ್ ಕಮಾಂಡರ್ ಆಗಿದ್ದವನಿಗೆ ಕೆಳಗಿನ ದರ್ಜೆ ಬೇಕಾಗಿರಲಿಲ್ಲ. ಸೈನಿಕನಾಗಿ ಹೇಳುತ್ತೇನೆ, ಸೇನೆ ಮಾಡಿದ್ದು ಸರಿ. ಎರಡು ಸೇನೆಯನ್ನು ಹಾಗೇ ಹೊಲಿದು ಒಂದು ಮಾಡಿದರೆ ಹೊಲಿಗೆ ಒಂದು ದಿನ ಬಿಚ್ಚುತ್ತದೆ.

ಹುಬ್ಬಳ್ಳಿ_ಮಂದಿ

ಚೆಕ್ಕಿನ್ಯಾಗೂ ಪಾರ್ಟಿಯವ್ರು ಪಾಲು ತಗೊಂಡ್ರು ಅಂತ ಆರೋಪ ಇತ್ತಲ್ರೀ. ಶಿಬಿರದಾಗ ಇದ್ದಾಗ ತಿಂಗಳ ಭತ್ಯೆದಾಗೂ ಕಡತ. 2012ರ ಏಪ್ರಿಲ್‌ನ್ಯಾಗ ಶಿಬಿರದ ಹುಡುಗ್ರು ತಮ್ಮ ಕಮಾಂಡರ್‌ಗಳ ಮ್ಯಾಲೇ ತಿರುಗಿ ಬಿದ್ರು. ಕಡೀಕ ಸರ್ಕಾರಿ ಸೈನ್ಯ ಬಂದು ಶಿಬಿರ ತಾಬೇಕ್ಕ ತಗೋಬೇಕಾತು. ಹತ್ತು ವರ್ಷ ಯಾರ ವಿರುದ್ಧ ಬಡದಾಡಿದ್ರೋ ಅವ್ರೇ ಬಂದು ಕಾಪಾಡಿದ್ರು. ಏನ್ ಹೇಳೂದು ಇದಕ್ಕ.

ರಾಜಭಕ್ತ_88

ಇದಕ್ಕೆಲ್ಲ ಮೂಲ ಒಂದೇ. ರಾಜನನ್ನ ತೆಗೆದಿದ್ದು. ರಾಜ ಇದ್ದಿದ್ರೆ ದೇಶಕ್ಕೊಂದು ಆಧಾರ ಇರ್ತಿತ್ತು. ಜನ ಈಗ ಅದನ್ನೇ ಕೇಳ್ತಿದ್ದಾರೆ, 2025ರ ಮಾರ್ಚ್‌ನಲ್ಲಿ ಕಠ್ಮಂಡುವಿನಲ್ಲಿ ಎಷ್ಟು ಜನ ಸೇರಿದ್ರು ನೋಡಿಲ್ವಾ?

ಮಲ್ಲೇಶ್ವರಂ_ಓದುಗ

ಸೇರಿದ್ರು, ನಿಜ. ಆದ್ರೆ ಆ ಕೊನೆಯ ರಾಜ ಜ್ಞಾನೇಂದ್ರನ ಕೈಯಲ್ಲಿ ಪೂರ್ತಿ ಅಧಿಕಾರ ಇದ್ದಾಗ ಏನು ಮಾಡಿದ? 2005ರ ಫೆಬ್ರವರಿ 1ಕ್ಕೆ ಸರ್ಕಾರ ವಜಾ ಮಾಡಿ, ಫೋನ್ ಲೈನ್ ಕತ್ತರಿಸಿ, ನಾಯಕರನ್ನ ಗೃಹಬಂಧನದಲ್ಲಿಟ್ಟು, ಪತ್ರಿಕಾ ಕಚೇರಿಗಳಲ್ಲಿ ಸೈನಿಕರನ್ನ ಕೂರಿಸಿದ. ಒಂದು ವರ್ಷದ ಮೇಲೆ ಆಳಿದ. ಮಾವೋವಾದಿಗಳು ಸೋತ್ರಾ? ಇಲ್ಲ. ಅವನ ದಯೆಯಿಂದಲೇ ಸಂಸತ್ತಿನ ಏಳು ಪಕ್ಷಗಳೂ ಮಾವೋವಾದಿಗಳೂ ಒಂದಾದ್ರು. ಅದೇ ವರ್ಷ ನವೆಂಬರ್‌ನಲ್ಲಿ ದೆಹಲಿಯಲ್ಲಿ 12 ಅಂಶಗಳ ತಿಳಿವಳಿಕೆ ಆಯ್ತು, 2006ರ ಏಪ್ರಿಲ್‌ನಲ್ಲಿ 19 ದಿನ ಬೀದಿ ತುಂಬ ಜನ. ರಾಜಪ್ರಭುತ್ವವನ್ನ ಕೆಳಗಿಳಿಸಿದ್ದು ಪ್ರಚಂಡನಿಗಿಂತ ಹೆಚ್ಚು ಜ್ಞಾನೇಂದ್ರನೇ ಅಂತ ನನ್ನ ಲೆಕ್ಕ.

ರಾಜಭಕ್ತ_88

ನೀವೇ ಹೇಳಿದ್ರಲ್ಲ, ದೆಹಲಿಯಲ್ಲಿ ಆಯ್ತು ಅಂತ. ಅಂದ್ರೆ ಮಾಡಿಸಿದ್ದು ಯಾರು?

ಮಲ್ಲೇಶ್ವರಂ_ಓದುಗ

ಕೈವಾಡದ ಉತ್ತರ ಬೇಡ ಅಂತ ಮೊದಲೇ ಬೇಡಿಕೊಂಡಿದ್ದೆ 😀

ಕುಡ್ಲದ_ಮೀನು

ಮಾರಾಯ್ರೆ, ಮಧ್ಯದಲ್ಲಿ ಒಂದು ಮಾತು. ನೇಪಾಳವನ್ನ ಬಯ್ಯುವ ಮೊದಲು ಶ್ರೀಲಂಕಾ ನೋಡಿ. ಅಲ್ಲಿ 2009ರ ಮೇನಲ್ಲಿ ಸರ್ಕಾರ ಯುದ್ಧ ಗೆದ್ದಿತು. ಗೆದ್ದವನಿಗೆ ಯಾರ ಜೊತೆಯೂ ಮಾತಾಡುವ ದರ್ದು ಇರಲಿಲ್ಲ. 1987ರಲ್ಲೇ 13ನೇ ತಿದ್ದುಪಡಿಯಲ್ಲಿ ಪ್ರಾಂತೀಯ ಮಂಡಳಿಗೆ ಅಧಿಕಾರ ಕೊಡ್ತೇವೆ ಅಂದಿದ್ದು, ಭೂಮಿ ಮತ್ತು ಪೊಲೀಸ್ ಅಧಿಕಾರ ಇವತ್ತಿಗೂ ಪೂರ್ತಿ ಕೊಟ್ಟಿಲ್ಲ. ಉತ್ತರ ಪ್ರಾಂತ್ಯಕ್ಕೆ 2013ರಲ್ಲಿ ಚುನಾವಣೆ ಆಯ್ತು, ಅವಧಿ ಮುಗಿದ ಮೇಲೆ ಮತ್ತೆ ಚುನಾವಣೆಯೇ ಮಾಡ್ಲಿಲ್ಲ. ನೇಪಾಳದಲ್ಲಿ ಕಡಿಮೆ ಅಂದ್ರೂ ಸೋಲಿಸಲಾಗದ ಎದುರಾಳಿಯನ್ನ ಕೂರಿಸಿ ಸಂವಿಧಾನ ಬರೆದ್ರಲ್ಲ.

ದರ್ಶಿನಿ_ಗಲ್ಲಾ

ಬರೆಯೋಕೆ ಎಷ್ಟು ವರ್ಷ ತಗೊಂಡ್ರು ಅದನ್ನೂ ಹೇಳಿ. 2008ರಲ್ಲಿ 601 ಜನರ ಸಂವಿಧಾನ ಸಭೆ. ಎರಡು ವರ್ಷದಲ್ಲಿ ಮುಗಿಸಬೇಕಿತ್ತು. ವಿಸ್ತರಣೆ ಮೇಲೆ ವಿಸ್ತರಣೆ, ಕೊನೆಗೆ 2012ರ ಮೇನಲ್ಲಿ ಒಂದು ಸಾಲೂ ಜಾರಿ ಮಾಡದೆ ವಿಸರ್ಜನೆ. 2013ರಲ್ಲಿ ಮತ್ತೆ ಚುನಾವಣೆ. ಮೊದಲ ಸಲ ಅತಿ ದೊಡ್ಡ ಪಕ್ಷವಾಗಿದ್ದ ಮಾವೋವಾದಿಗಳು ಎರಡನೇ ಸಲ 80 ಸೀಟಿಗೆ ಇಳಿದ್ರು. ಆಮೇಲೆ 2015ರ ಏಪ್ರಿಲ್ ಭೂಕಂಪ ಆಯ್ತು, ಸುಮಾರು 9,000 ಜನ ಸತ್ರು. ಆಗ ಗಡಿಬಿಡಿಯಲ್ಲಿ ಸೆಪ್ಟೆಂಬರ್ 20ಕ್ಕೆ ಸಂವಿಧಾನ. ಏಳು ವರ್ಷ ಆಗದ್ದು ಐದು ತಿಂಗಳಲ್ಲಿ ಆಯ್ತು.

ಕರ್ನಾಲಿ_ಇಂಜಿನಿಯರ್

ಆ ಗಡಿಬಿಡಿಗೇ ತರಾಯಿ, ಅಂದ್ರೆ ಭಾರತದ ಗಡಿಗೆ ಹೊಂದಿದ ದಕ್ಷಿಣದ ಬಯಲು, ಹೊತ್ತಿಕೊಂಡಿದ್ದು. ಅಲ್ಲಿನ ಮಧೇಶಿಗಳಿಗೆ, ಥಾರುಗಳಿಗೆ ಪ್ರಾಂತ್ಯದ ಗಡಿ ಎಳೆದ ರೀತಿ ಒಪ್ಪಿಗೆ ಆಗಲಿಲ್ಲ. ಅವರ ಸಿಟ್ಟು ಹೊಸದಲ್ಲ. 2007ರ ಜನವರಿಯಲ್ಲಿ ಮಧ್ಯಂತರ ಸಂವಿಧಾನದಲ್ಲಿ ಫೆಡರಲ್ ಅನ್ನೋ ಮಾತೇ ಇಲ್ಲ ಅಂತ ಲಹಾನ್‌ನಲ್ಲಿ ಗಲಾಟೆ ಶುರುವಾಗಿ ಇಡೀ ತರಾಯಿ ನಿಂತುಹೋಗಿತ್ತು, ಸಂವಿಧಾನಕ್ಕೆ ತಿದ್ದುಪಡಿ ಮಾಡಬೇಕಾಯ್ತು. ಅಂದ್ರೆ ಯುದ್ಧ ನಿಲ್ಲಿಸಿದ ಎರಡು ಗುಂಪು ಗುಡ್ಡದ ಮೇಲಿನವರದ್ದೇ, ಹೆಚ್ಚಿನಂಶ ಬಾಹುನ್ ಮತ್ತು ಛೇತ್ರಿ ಅನ್ನೋ ಮೇಲ್ಜಾತಿ ನಾಯಕರದ್ದೇ. ಬಯಲಿನವರನ್ನ ಯಾರೂ ಟೇಬಲ್ಲಿಗೆ ಕರೆದಿರಲಿಲ್ಲ.

2015ರ ಆಗಸ್ಟ್ 24ಕ್ಕೆ ಕೈಲಾಲಿ ಜಿಲ್ಲೆಯ ಟೀಕಾಪುರದಲ್ಲಿ ಎಂಟು ಪೊಲೀಸರು ಮತ್ತು ಒಂದು ಪುಟ್ಟ ಮಗು ಸತ್ತರು. ಆ ಕೇಸಲ್ಲಿ ಆರೋಪಿಯಾಗಿದ್ದ ರೇಶಮ್ ಚೌಧರಿ 2017ರಲ್ಲಿ ಅಲ್ಲಿಂದಲೇ ಸಂಸತ್ತಿಗೆ ಗೆದ್ದರು, ಶಿಕ್ಷೆಯೂ ಆಯ್ತು, 2023ರಲ್ಲಿ ಕ್ಷಮಾದಾನವೂ ಸಿಕ್ತು. ಒಬ್ಬರಿಗೆ ಹೀರೋ, ಇನ್ನೊಬ್ಬರಿಗೆ ಕೊಲೆಗಾರ. ಯುದ್ಧ ಮುಗಿದು ಒಂಬತ್ತು ವರ್ಷದ ಮೇಲೆ ಆದ ಕಥೆ ಇದು.

ಮೈಸೂರ್_ಮಸಾಲೆ

ಸಂವಿಧಾನ ಬಂದ ಬೆನ್ನಲ್ಲೇ ಭಾರತದ ಗಡಿಯಿಂದ ಸರಕು ಬರೋದು ನಿಂತ ಆ ಬ್ಲಾಕೇಡ್ ಟೈಮಲ್ಲಿ ನಾನು ಕಠ್ಮಂಡುವಿನಲ್ಲಿದ್ದೆ, ಒಂದು ಟ್ರೈನಿಂಗ್ ಕೆಲಸಕ್ಕೆ ಅಂತ ಹೋಗಿ ಸಿಕ್ಕಿಹಾಕ್ಕೊಂಡಿದ್ದೆ. ನಾನು ಊಟ ಮಾಡ್ತಿದ್ದ ಹೋಟೆಲಲ್ಲಿ ಗ್ಯಾಸ್ ಇಲ್ಲದೆ ಹಿತ್ತಲಲ್ಲಿ ಇಟ್ಟಿಗೆ ಒಲೆ ಹೂಡಿದ್ರು. ಮೆನು ಕಾರ್ಡ್ ಮೇಲೆ ಪೆನ್ನಲ್ಲಿ ಗೀಟು ಎಳೆದು ಎಳೆದು ಕೊನೆಗೆ ಉಳಿದಿದ್ದು ಎರಡೇ: ಚೌಮಿನ್, ಕರಿ ಚಹಾ. ಪೆಟ್ರೋಲ್ ಬಂಕಿನ ಮುಂದೆ ಬೈಕುಗಳನ್ನ ಸಾಲಾಗಿ ನಿಲ್ಲಿಸಿ, ಒಂದಕ್ಕೊಂದು ಸರಪಳಿ ಬಿಗಿದು ಜನ ಮನೆಗೆ ಹೋಗ್ತಿದ್ರು.

ಹೋಟೆಲಿನ ಅಕ್ಕ "ನಿಮ್ಮವರೇ ನಿಲ್ಲಿಸಿದ್ದು" ಅಂತ ಬೈದು, ಆಮೇಲೆ ನನಗೇ ಮೊದಲು ಬಡಿಸೋರು. ಭಾರತ ಸರ್ಕಾರ ನಾವು ನಿಲ್ಲಿಸಿಲ್ಲ, ಗಡಿಯಲ್ಲಿ ಮಧೇಶಿಗಳು ಕೂತಿದ್ದಾರೆ ಅಂತು. ರಕ್ಸೌಲ್–ಬೀರ್‌ಗಂಜ್ ಸೇತುವೆ ಮೇಲೆ ಅವರು ಕೂತಿದ್ದೂ ನಿಜ, ಬೇರೆ ಗಡಿ ನಾಕೆಗಳಲ್ಲೂ ಲಾರಿ ಬರ್ತಿರಲಿಲ್ಲ ಅನ್ನೋದೂ ನಿಜ. ಓಲಿ ದೊಡ್ಡ ದೇಶಭಕ್ತ ಆಗಿದ್ದೇ ಆ ಐದು ತಿಂಗಳಲ್ಲಿ. ಮಾರ್ಚ್‌ಗೆ ಬೀಜಿಂಗ್‌ಗೆ ಹೋಗಿ ಸಾರಿಗೆ ಒಪ್ಪಂದ ಮಾಡ್ಕೊಂಡು ಬಂದ.

ರಾಜಭಕ್ತ_88

ನೋಡಿ, ಕೈವಾಡ ಇತ್ತಾ ಇಲ್ವಾ?

ಮೈಸೂರ್_ಮಸಾಲೆ

ಇತ್ತು ಅಂತಲೇ ಹೇಳಿದ್ದು. ಅದಕ್ಕೂ ರಾಜನಿಗೂ ಏನ್ ಸಂಬಂಧ?

ಕಾನೂನು_ಕಲಿಯುವವಳು

ಮೂಲ ಪ್ರಶ್ನೆಗೆ ಬರ್ತೀನಿ. ತಪ್ಪಿದ್ದು ಎಲ್ಲಿ ಅಂದ್ರೆ, ಸರ್ಕಾರದ ಕಡೆಯವರು ಮತ್ತು ಮಾವೋವಾದಿಗಳು ಒಂದೇ ಒಂದು ವಿಷಯದಲ್ಲಿ ಯಾವತ್ತೂ ಜಗಳ ಆಡಲಿಲ್ಲ. ಸತ್ತವರ ಲೆಕ್ಕ ಕೇಳಬಾರದು ಅನ್ನೋದರಲ್ಲಿ.

ಶಾಂತಿ ಒಪ್ಪಂದದಲ್ಲಿ ಕಾಣೆಯಾದವರ ಹೆಸರು ಮತ್ತು ಗತಿ 60 ದಿನದೊಳಗೆ ಬಹಿರಂಗ ಮಾಡ್ತೀವಿ ಅಂತ ಬರೆದಿದ್ರು. ಸತ್ಯಶೋಧನಾ ಆಯೋಗದ ಕಾನೂನು ಬಂದಿದ್ದೇ 2014ರಲ್ಲಿ. ಅದರಲ್ಲೂ ಗಂಭೀರ ಅಪರಾಧಕ್ಕೆ ಕ್ಷಮಾದಾನ ಕೊಡೋ ದಾರಿ ಇಟ್ಟಿದ್ರು, 2015ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ಹೊಡೆದು ಹಾಕ್ತು. ಸರ್ಕಾರ ಪುನರ್‌ಪರಿಶೀಲನೆಗೆ ಹೋಯ್ತು, 2020ರಲ್ಲಿ ಅದೂ ವಜಾ. ಅಷ್ಟರಲ್ಲಿ ಆಯೋಗಕ್ಕೆ 60,000ಕ್ಕೂ ಹೆಚ್ಚು ದೂರು, ಕಾಣೆಯಾದವರ ಆಯೋಗಕ್ಕೆ 3,000ದಷ್ಟು ದೂರು. ಎಷ್ಟರ ತನಿಖೆ ಪೂರ್ತಿ ಆಯ್ತು ಅಂತ ಕೇಳಬೇಡಿ, ಹೊಟ್ಟೆ ಉರಿಯುತ್ತೆ.

ಕಾನೂನು ತಿದ್ದುಪಡಿಗೆ ಎಲ್ಲ ದೊಡ್ಡ ಪಕ್ಷಗಳು ಒಪ್ಪಿದ್ದು 2024ರ ಆಗಸ್ಟ್‌ನಲ್ಲಿ. 2025ರಲ್ಲಿ ಆಯೋಗಕ್ಕೆ ಹೊಸ ಸದಸ್ಯರನ್ನ ನೇಮಿಸಿದ್ರು, ಸಂತ್ರಸ್ತರ ಸಂಘಟನೆಗಳೇ "ಇದು ಪಕ್ಷಗಳ ಭಾಗಬಟವಾಡೆ" ಅಂತ ವಿರೋಧಿಸಿದ್ವು.

ಪರಿಹಾರ ಕೊಟ್ಟಿಲ್ವಾ ಅಂತ ಕೇಳಬಹುದು. ಸತ್ತವರ, ಕಾಣೆಯಾದವರ ಕುಟುಂಬಕ್ಕೆ ಕಂತುಕಂತಾಗಿ ಹತ್ತು ಲಕ್ಷ ನೇಪಾಳಿ ರೂಪಾಯಿವರೆಗೆ ಕೊಟ್ರು. ಅತ್ಯಾಚಾರಕ್ಕೆ ಒಳಗಾದವರಿಗೆ, ಚಿತ್ರಹಿಂಸೆ ಅನುಭವಿಸಿದವರಿಗೆ ಆ ಪಟ್ಟಿಯಲ್ಲಿ ಜಾಗವೇ ಇರಲಿಲ್ಲ.

ಹುಬ್ಬಳ್ಳಿ_ಮಂದಿ

ತಂಗಿ, ನಿನ್ನ ಮಾತು ಖರೇ. ಆದ್ರ ಒಂದು ವಿಚಾರ ಮಾಡು. 2006ರಾಗ ಕೊಯಿರಾಲ "ಮೊದಲ ಎಲ್ಲಾರನ್ನೂ ಕೋರ್ಟಿಗೆ ನಿಲ್ಲಸ್ತೇನಿ" ಅಂದಿದ್ರ ಯಾವ ಕಮಾಂಡರ್ ಬಂದೂಕು ಇಡ್ತಿದ್ದ? ಯಾವ ಜನರಲ್ ಸುಮ್ಮನಿರ್ತಿದ್ದ? ಅವತ್ತ ಬೇಕಾಗಿದ್ದು ಗುಂಡು ನಿಲ್ಲೂದು. ನಿಂತೂ ನಿಂತು. ಯುದ್ಧ ತಿರುಗಿ ಬರಲಿಲ್ಲ. ಇದೇನ್ ಸಣ್ಣ ಮಾತೇನು?

ಕಾನೂನು_ಕಲಿಯುವವಳು

ಸಣ್ಣ ಮಾತಲ್ಲ ಅಣ್ಣ. 2006ರಲ್ಲಿ ತಡ ಮಾಡಿದ್ದನ್ನ ನಾನು ಪ್ರಶ್ನಿಸ್ತಾನೂ ಇಲ್ಲ. 2013ರ ಹೊತ್ತಿಗೆ ಶಿಬಿರ ಖಾಲಿ, ಬಂದೂಕು ಸರ್ಕಾರದ ಕೈಗೆ. ಆಮೇಲೂ ಯಾಕೆ ತಡ? ಆಮೇಲೆ ಹೆದರಿಕೆ ಯುದ್ಧದ್ದಲ್ಲ, ಜೈಲಿನದು.

ಉದಾಹರಣೆ ಕೇಳಿ. ಗೋರ್ಖಾ ಜಿಲ್ಲೆಯ ಒಬ್ಬ ಅಪ್ಪ ಅಮ್ಮ. 2004ರಲ್ಲಿ ಮಗನನ್ನ ಚಿತ್ವನ್‌ನಲ್ಲಿ ಮಾವೋವಾದಿಗಳು ಕೊಂದರು ಅಂತ ದೂರು. ಕೇಸು ನಡೆಸಿ ಅಂತ ಕಠ್ಮಂಡುವಿನ ಆಸ್ಪತ್ರೆಯಲ್ಲಿ ಉಪವಾಸ ಕೂತರು. 2014ರ ಸೆಪ್ಟೆಂಬರ್‌ನಲ್ಲಿ, 333ನೇ ದಿನಕ್ಕೆ ಅಪ್ಪ ಸತ್ತರು. ನ್ಯಾಯ ಸಿಗೋವರೆಗೆ ಅಂತ್ಯಕ್ರಿಯೆ ಇಲ್ಲ ಅಂದರು ಹೆಂಡತಿ, ಹೆಣ ವರ್ಷಗಟ್ಟಲೆ ಶವಾಗಾರದಲ್ಲಿ.

ಸರ್ಕಾರದ ಕಡೆಯದ್ದೂ ಒಂದು. ಕಾವ್ರೆ ಜಿಲ್ಲೆಯ 15 ವರ್ಷದ ಹುಡುಗಿ 2004ರಲ್ಲಿ ಸೇನೆಯ ವಶದಲ್ಲಿ ಚಿತ್ರಹಿಂಸೆಯಿಂದ ಸತ್ತಳು. ಅವಳ ಅಮ್ಮ ಬಿಡದೆ ಬಡಿದಾಡಿ 2017ರಲ್ಲಿ ಜಿಲ್ಲಾ ನ್ಯಾಯಾಲಯ ಮೂವರು ಸೇನಾಧಿಕಾರಿಗಳಿಗೆ ಜೀವಾವಧಿ ಶಿಕ್ಷೆ ವಿಧಿಸಿತು. ಮೂವರೂ ಕೋರ್ಟಿಗೆ ಬಂದೇ ಇರಲಿಲ್ಲ.

ನಿವೃತ್ತ_ಸುಬೇದಾರ್_ಮಡಿಕೇರಿ

ಸೇನೆಯ ಮರ್ಯಾದೆ ಉಳಿಯಬೇಕಾದರೆ ಅಂಥವರನ್ನು ಸೇನೆಯೇ ಒಪ್ಪಿಸಬೇಕು. ಇದರಲ್ಲಿ ಎರಡು ಮಾತಿಲ್ಲ.

ಮಲ್ಲೇಶ್ವರಂ_ಓದುಗ

ಪ್ರಚಂಡ 2020ರ ಜನವರಿಯಲ್ಲಿ ವೇದಿಕೆ ಮೇಲೆ ನಿಂತು 17,000ದಲ್ಲಿ 5,000 ಸಾವಿನ ಹೊಣೆ ನನ್ನದು, ಉಳಿದಿದ್ದು ರಾಜಪ್ರಭುತ್ವದ್ದು ಅಂದಿದ್ದು ಓದಿ ದಂಗಾದೆ. ಅದನ್ನೇ ಹಿಡಿದು ಸಂತ್ರಸ್ತರು ಕೋರ್ಟಿಗೆ ಹೋದಾಗ, 2023ರಲ್ಲಿ, ಅವರೇ ಪ್ರಧಾನಿ! ಹೊಣೆ ಹೊರುವವರು ಹೀಗಾ?

ಸುಬೇದಾರ್ ಸರ್, ನೀವು ಹೇಳಿ. 2009ರಲ್ಲಿ ಸೇನಾ ಮುಖ್ಯಸ್ಥ ಕಟವಾಲ್‌ರನ್ನ ಪ್ರಚಂಡ ವಜಾ ಮಾಡಿದ್ದು, ರಾಷ್ಟ್ರಪತಿ ರಾಮ್ ಬರನ್ ಯಾದವ್ "ನೀನು ಮುಂದುವರಿ" ಅಂತ ಪತ್ರ ಕಳಿಸಿದ್ದು, ಮರುದಿನವೇ ಪ್ರಚಂಡ ರಾಜೀನಾಮೆ. ಚುನಾಯಿತ ಪ್ರಧಾನಿಗೆ ಸೇನೆಯ ಮೇಲೆ ಹಿಡಿತ ಇಲ್ಲ ಅಂದಹಾಗೆ ಆಯ್ತಲ್ವಾ?

ನಿವೃತ್ತ_ಸುಬೇದಾರ್_ಮಡಿಕೇರಿ

ಕಟವಾಲ್ ನಿವೃತ್ತಿಗೆ ಕೆಲವೇ ತಿಂಗಳು ಉಳಿದಿತ್ತು. ಕಾದಿದ್ದರೆ ಆಗುತ್ತಿತ್ತು. ಎರಡೂ ಕಡೆ ಅಹಂ. ಆದರೆ ತತ್ತ್ವದ ಪ್ರಕಾರ ಹೌದು, ಸೇನೆ ಸರ್ಕಾರದ ಮಾತು ಕೇಳಬೇಕು, ಪ್ರಧಾನಿ ಯಾವ ಪಕ್ಷದವನಾದರೂ.

ಕುಡ್ಲದ_ಮೀನು

ಸೈಡಿಗೆ ಒಂದು ಪ್ರಶ್ನೆ. ನಮ್ಮ ಅಪಾರ್ಟ್‌ಮೆಂಟಿನ ವಾಚ್‌ಮನ್ ಅಚ್ಛಾಮ್ ಜಿಲ್ಲೆಯವರು. ಎಲ್ಲರೂ ಅವರನ್ನ "ಗೂರ್ಖಾ" ಅಂತಲೇ ಕರೀತಾರೆ. ಅವರಿಗೆ ಬೇಜಾರಾಗುವುದಿಲ್ವಾ?

ದರ್ಶಿನಿ_ಗಲ್ಲಾ

ಹೆಸರು ಕೇಳಿ ಹೆಸರಿಂದ ಕರೀರಿ ಸರ್, ಮುಗೀತು. ನಮ್ಮಲ್ಲಿ ಅಡುಗೆಗೆ, ಸಪ್ಲೈಗೆ ನೇಪಾಳದ ಹುಡುಗರೇ ಹೆಚ್ಚು. ಬಿಸಿಬೇಳೆಬಾತ್ ನನಗಿಂತ ಚೆನ್ನಾಗಿ ಮಾಡ್ತಾರೆ. ಈ ಯುದ್ಧದ ಮಾತು ತೆಗೆದ್ರೆ ಮಾತ್ರ ಪಾತ್ರೆ ತೊಳೆಯೋ ಕಡೆ ಎದ್ದು ಹೋಗ್ತಾರೆ.

ಕುಡ್ಲದ_ಮೀನು

ಬಿಸಿಬೇಳೆಬಾತ್‌ಗೆ ಬೆಲ್ಲ ಹಾಕ್ತಾರಾ ಇಲ್ವಾ?

ಮೈಸೂರ್_ಮಸಾಲೆ

ಈ ಪ್ರಶ್ನೆಗೆ ಇನ್ನೊಂದು ಅಂತರ್ಯುದ್ಧ ಆಗುತ್ತೆ, ಬಿಡಿ.

ಕರ್ನಾಲಿ_ಇಂಜಿನಿಯರ್

ಎಲ್ಲರೂ ಕಠ್ಮಂಡುವನ್ನೇ ನೋಡ್ತಿದ್ದೀರಿ, ನಾನು ಸ್ವಲ್ಪ ಕೆಳಗೆ ಇಳೀತೀನಿ. 2017ರಲ್ಲಿ ಸ್ಥಳೀಯ ಚುನಾವಣೆ ಆಯ್ತು. ಅದಕ್ಕೂ ಹಿಂದೆ ಸ್ಥಳೀಯ ಚುನಾವಣೆ ಆಗಿದ್ದು 1997ರಲ್ಲಿ! ಆಗ ಗೆದ್ದವರ ಅವಧಿ 2002ಕ್ಕೆ ಮುಗಿದ ಮೇಲೆ ಹದಿನೈದು ವರ್ಷ ಹಳ್ಳಿಗೆ ಚುನಾಯಿತ ಪ್ರತಿನಿಧಿಯೇ ಇರಲಿಲ್ಲ. ಈಗ 753 ಸ್ಥಳೀಯ ಸರ್ಕಾರಗಳಿವೆ. ಪ್ರತಿ ವಾರ್ಡಿನಲ್ಲೂ ಇಬ್ಬರು ಹೆಣ್ಣುಮಕ್ಕಳಿಗೆ ಮೀಸಲು, ಅದರಲ್ಲಿ ಒಬ್ಬರು ದಲಿತ ಮಹಿಳೆ. ಆ ಚುನಾವಣೆಯಲ್ಲಿ 14,000ಕ್ಕೂ ಹೆಚ್ಚು ಮಹಿಳೆಯರು ಗೆದ್ದರು. ನಾನು ಒಂದು ಪಾಲಿಕೆ ಕಚೇರಿಯಲ್ಲಿ ನೋಡಿದ್ದು: ವಾರ್ಡ್ ಸದಸ್ಯೆ, ಅಕ್ಷರ ಕಷ್ಟಪಟ್ಟು ಕೂಡಿಸಿ ಓದೋರು, ನೀರಿನ ಪೈಪಿನ ಬಿಲ್ಲನ್ನ ಬೆರಳಿಟ್ಟು ಸಾಲು ಸಾಲಾಗಿ ಓದಿಸಿಕೊಂಡು "ಈ ಎಲ್ಬೋ ಹಾಕಿದ್ದು ಎಲ್ಲಿ, ತೋರಿಸು" ಅಂತ ಗುತ್ತಿಗೆದಾರನನ್ನ ನಿಲ್ಲಿಸಿಕೊಂಡಿದ್ರು. ಆತ ಬೆವತು ಹೋಗಿದ್ದ.

ಯುದ್ಧ ಕೊಟ್ಟ ಒಂದೇ ಒಂದು ಒಳ್ಳೇದು ಇದು ಅಂತ ನನ್ನ ಅಭಿಪ್ರಾಯ. ಪ್ರಾಂತ್ಯಗಳದ್ದು ಬೇರೆ ಕಥೆ. ಹೆಸರಿಡೋಕೇ ವರ್ಷಗಟ್ಟಲೆ ತಗೊಂಡ್ರು. ಒಂದನೇ ಪ್ರಾಂತ್ಯಕ್ಕೆ 2023ರಲ್ಲಿ ಕೋಶಿ ಅಂತ ಹೆಸರಿಟ್ಟಾಗ ಲಿಂಬು, ರಾಯಿ ಜನ ಬೀದಿಗೆ ಬಂದ್ರು.

ಹುಬ್ಬಳ್ಳಿ_ಮಂದಿ

ಯುದ್ಧ ಮಾಡ್ಲಾರದ ಇದನ್ನ ತರಾಕ ಆಗ್ತಿರಲಿಲ್ಲೇನು? ನಮ್ಮಲ್ಲಿ ಪಂಚಾಯತಿ ಮೀಸಲಾತಿ ತರಾಕ 17 ಸಾವಿರ ಮಂದಿ ಸಾಯಬೇಕಾಗಿರಲಿಲ್ಲ.

ಕರ್ನಾಲಿ_ಇಂಜಿನಿಯರ್

ಆಗಬಹುದಿತ್ತೇನೋ. ಆದ್ರೆ 1990ರ ನಂತರ ಆರು ವರ್ಷ ಪ್ರಜಾಪ್ರಭುತ್ವ ಇದ್ದಾಗ ಯಾರೂ ಮಾಡಲಿಲ್ಲ ಸರ್. 1996ರಲ್ಲಿ ಯುದ್ಧಕ್ಕೆ ಮುಂಚೆ ಮಾವೋವಾದಿಗಳ ಬಾಬುರಾಮ್ ಭಟ್ಟರಾಯ್ 40 ಬೇಡಿಕೆಗಳ ಪಟ್ಟಿ ಕೊಟ್ಟಾಗ ಪ್ರಧಾನಿಯಾಗಿದ್ದದ್ದು ಇದೇ ದೇವುಬಾ.

ದರ್ಶಿನಿ_ಗಲ್ಲಾ

ಹೇಳಿದ್ನಲ್ಲ, ಮೂರು ಜನ ಮುದುಕರು ಅಂತ.

ಮಲ್ಲೇಶ್ವರಂ_ಓದುಗ

2025ರ ಸೆಪ್ಟೆಂಬರ್ 8ಕ್ಕೆ, ನಾನು ಮೊದಲು ಹೇಳಿದ ಹುಡುಗರ ಪ್ರತಿಭಟನೆಯಲ್ಲಿ, ಗುಂಡೇಟಿಗೆ ಸತ್ತ 19 ಜನರಲ್ಲಿ ಹೆಚ್ಚಿನವರು ಯುದ್ಧ ಮುಗಿಯೋ ಹೊತ್ತಿಗೆ ಅಂಬೆಗಾಲಿಡ್ತಿದ್ದವರು ಇಲ್ಲಾ ಶಾಲೆಗೆ ಸೇರಿದ್ದವರು. ಒಟ್ಟು ಸಾವು 70 ದಾಟಿತು. ಮರುದಿನ ಸಂಸತ್ತು, ಸುಪ್ರೀಂ ಕೋರ್ಟ್, ಸಿಂಹ ದರ್ಬಾರ್ ಮೂರಕ್ಕೂ ಬೆಂಕಿ. ದೇವುಬಾ ಮನೆಗೆ ನುಗ್ಗಿ ಹೊಡೆದರು. ಓಲಿ ರಾಜೀನಾಮೆ, ನಿವೃತ್ತ ಮುಖ್ಯ ನ್ಯಾಯಮೂರ್ತಿ ಸುಶೀಲಾ ಕಾರ್ಕಿ ಮಧ್ಯಂತರ ಪ್ರಧಾನಿ ಆದ್ರು. ಕಾನೂನು ಮೇಡಂ ಹೇಳಿದ ಲೆಕ್ಕ ತೀರಿಸದ ಅಭ್ಯಾಸ ಇದೆಯಲ್ಲ, ಅದೇ ಭ್ರಷ್ಟಾಚಾರಕ್ಕೂ ಹಬ್ಬಿತು ಅಂತ ಅನ್ನಿಸ್ತಿದೆ. ಕೊಲೆಗೇ ಕೇಸಿಲ್ಲ ಅಂದ್ಮೇಲೆ ಕಾಸಿಗೆ ಎಲ್ಲಿಂದ ಕೇಸು?

ಕಾನೂನು_ಕಲಿಯುವವಳು

ಅದೇ ನಾನು ಹೇಳಬೇಕಂದಿದ್ದು. ಸೆಪ್ಟೆಂಬರ್ 8ರ ಗುಂಡಿಗೂ ತನಿಖಾ ಆಯೋಗ ಮಾಡಿದ್ದಾರೆ. ನೇಪಾಳದಲ್ಲಿ ಆಯೋಗಗಳಿಗೆ ಬರ ಇಲ್ಲ. 1990ರ ಜನಾಂದೋಲನದ ಮಲ್ಲಿಕ್ ಆಯೋಗದ ವರದಿ, 2006ರ ಆಂದೋಲನದ ರಾಯಮಾಝಿ ಆಯೋಗದ ವರದಿ, ಎರಡೂ ಕಪಾಟು ಸೇರಿದ್ವು.

ಕುಡ್ಲದ_ಮೀನು

ನಮ್ಮ ವಾಚ್‌ಮನ್‌ಗೆ ನೇಪಾಳದ ಚುನಾವಣೆಗೆ ವೋಟು ಹಾಕೋಕೆ ಊರಿಗೆ ಹೋಗ್ತೀರಾ ಅಂತ ಕೇಳಿದೆ. ನಕ್ಕರು. ಇಲ್ಲಿಂದಲೇ ಹಾಕುವ ವ್ಯವಸ್ಥೆ ಇಲ್ವಾ?

ಕರ್ನಾಲಿ_ಇಂಜಿನಿಯರ್

ಹೊರದೇಶದಲ್ಲಿರೋರಿಗೂ ಮತದಾನಕ್ಕೆ ವ್ಯವಸ್ಥೆ ಮಾಡಿ ಅಂತ ಅಲ್ಲಿನ ಸುಪ್ರೀಂ ಕೋರ್ಟ್ 2018ರಲ್ಲೇ ಹೇಳಿದೆ. 2022ರ ಚುನಾವಣೆಯೂ ಅದಿಲ್ಲದೆ ನಡೆದುಹೋಯ್ತು. ಕತಾರ್, ಮಲೇಷ್ಯಾ, ಭಾರತ ಅಂತ ಲಕ್ಷಗಟ್ಟಲೆ ಜನ ಹೊರಗೆ. ದೇಶದ ಜಿಡಿಪಿಯ ಕಾಲು ಭಾಗದಷ್ಟು ಅವರು ಕಳಿಸೋ ದುಡ್ಡೇ. ಆ ದುಡ್ಡು ಎಲ್ಲರಿಗೂ ಬೇಕು, ವೋಟು ಯಾವ ಪಕ್ಷಕ್ಕೂ ಬೇಕಿಲ್ಲ, ಯಾಕಂದ್ರೆ ಅದು ಯಾರ ಕಡೆ ಬೀಳುತ್ತೆ ಅಂತ ಲೆಕ್ಕ ಸಿಗಲ್ಲ.

ದರ್ಶಿನಿ_ಗಲ್ಲಾ

ನಮ್ಮ ಹುಡುಗರಿಗೆ ರಜೆ ನಾನು ಕೊಡ್ತೀನಿ ಅಂದೆ. ಬೆಂಗಳೂರಿಂದ ಗೋರಖ್‌ಪುರದವರೆಗೆ ರೈಲು, ಅಲ್ಲಿಂದ ಸುನೌಲಿ ಗಡಿ, ಆಮೇಲೆ ಬಸ್ಸು, ಆಮೇಲೆ ನಡಿಗೆ. "ಅಣ್ಣಾ, ಚಾರ್ಜು ನೀವು ಕೊಡ್ತೀರಾ, ಪಾರ್ಟಿಯವರು ಕೊಡ್ತಾರಾ?" ಅಂತ ಒಬ್ಬ ಕೇಳಿದ. ಯಾರಾದ್ರೂ ಉತ್ತರ ಇದ್ರೆ ಹೇಳಿ, ನಾನಂತೂ ಕಾಫಿ ಸೋಸೋಕೆ ಹೋದೆ.